ಹನ್ನೆರಡನೆಯ ಬೀಸಣಿಗೆ

ಮೈಸೂರಿನ ಮಂಡಿ ಮೊಹಲ್ಲಾದ ನನ್ನ ತವರು ಮನೆಯಲ್ಲಿ ಕುರ್‌ಆನ್ ಇಡುವ ಗೋಡೆಗೂಡಿಗೆ ಒಂದು ದುಂಡನೆಯ ಲೇಸಿನ ಹಾಸು ಇತ್ತು. ದಾದಿಮಾ ಕೈಯಾರೆ ಮಾಡಿದ್ದು. ಚಿಕ್ಕಂದಿನಲ್ಲಿ ಅದರ ತೂತುಗಳಿಗೆ ಬೆರಳು ತೂರಿಸಿ ನಾವು ಎಷ್ಟೋ ಸಲ ಬೈಸಿಕೊಂಡಿದ್ದೇವೆ. ದಾದಿಮಾ ತೀರಿಕೊಂಡು ವರ್ಷಗಳಾದವು. ಹಾಸು ತೊಳೆದು ತೊಳೆದು ಅಲ್ಲಲ್ಲಿ ಹರಿದು ಕೊನೆಗೆ ಮುಟ್ಟಿದರೆ ಎಳೆ ಬಿಡುವಂತಾಯಿತು. 2024ರ ಈದುಲ್ ಫಿತ್ರ್‌ಗೆ ತವರಿಗೆ ಹೋಗಿದ್ದಾಗ ನನ್ನ ಅಮ್ಮ ಅದನ್ನು ಮಡಚಿ ನನ್ನ ಕೈಗಿಟ್ಟು, "ಇದರ ಆಯಸ್ಸು ಮುಗೀತು ನೋಡು. ದಾದಿಮಾ ನಿನಗೊಬ್ಬಳಿಗೇ ಕಲಿಸಿದ್ದು. ಒಂದು ಮಾಡಿಕೊಡು" ಎಂದರು. ಜೊತೆಯಲ್ಲಿ ದಾದಿಮಾರ ಷಟಲನ್ನೂ ಕೊಟ್ಟರು. ಬಿಳಿ ಮೂಳೆಯದು, ಒಂದು ತುದಿ ಸವೆದದ್ದು.

ಒಪ್ಪಿಕೊಂಡು ಮಿರ್ಲೆಗೆ ಬಂದೆ. ಕುರ್‌ಆನ್‌ನ ಕೆಳಗೆ ಹಾಸುವಂಥದ್ದು, ಒಂದು ಗಂಟೂ ತಪ್ಪಬಾರದು ಎಂದು ಬಸ್ಸಿನಲ್ಲೇ ನಿರ್ಧಾರ ಮಾಡಿಕೊಂಡಿದ್ದೆ.

ತಪ್ಪು ಹುಡುಕುವುದು ನನ್ನ ವೃತ್ತಿ. ಬೆಳಿಗ್ಗೆ ಮಕ್ತಬ್‌ನಲ್ಲಿ ಮಕ್ಕಳಿಗೆ ಕುರ್‌ಆನ್ ಓದಿಸುತ್ತೇನೆ, ಅಲ್ಲಿ ನಾನು ಆಪಾ. ಹತ್ತು ಗಂಟೆಯಿಂದ ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ, ಅಲ್ಲಿ ನಾನು ಮಿಸ್. 'ಸ್ವಾದ್' ಅಕ್ಷರವನ್ನು 'ಸೀನ್' ಮಾಡುವವರನ್ನು ಬೆಳಿಗ್ಗೆ ತಿದ್ದಿ, 'ಭತ್ತ'ವನ್ನು 'ಬತ್ತ' ಎಂದು ಬರೆಯುವವರನ್ನು ಮಧ್ಯಾಹ್ನ ತಿದ್ದುತ್ತೇನೆ. (ಭತ್ತದ ಗದ್ದೆಗಳ ನಡುವೆಯೇ ಹುಟ್ಟಿ ಬೆಳೆದ ಕೆ.ಆರ್. ನಗರ ಕಡೆಯ ಮಕ್ಕಳು ಅದನ್ನೇ ತಪ್ಪು ಬರೆದರೆ ಸಿಟ್ಟು ಬರುವುದಿಲ್ಲವೇ?) ಆಲಿಮಾ ಓದುವಾಗ ನಮ್ಮ ಉಸ್ತಾದರು ಇತ್ಕಾನ್ ಎಂಬ ಮಾತನ್ನು ಒತ್ತಿ ಒತ್ತಿ ಹೇಳುತ್ತಿದ್ದರು. ಕೈಗೆತ್ತಿಕೊಂಡ ಕೆಲಸವನ್ನು ಕುಂದಿಲ್ಲದಂತೆ ಅಚ್ಚುಕಟ್ಟಾಗಿ ಮಾಡುವುದು. ಮುಂದೆ ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಮಾಡಿದೆ. ಆಗಲೂ ಒಂದು ಉತ್ತರವನ್ನು ಮೂರು ಸಲ ಬರೆದು ಮೂರನೆಯದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದೆ.

ಓದುಗ ಸಹೋದರಿಯರಲ್ಲಿ ಹಲವರಿಗೆ ಕ್ರೋಷಾ ಗೊತ್ತಿರುತ್ತದೆ. ಇದು ಕ್ರೋಷಾ ಅಲ್ಲ, ಟ್ಯಾಟಿಂಗ್. ಇದಕ್ಕೆ ಕೊಕ್ಕೆ ಕಡ್ಡಿ ಮುಖ್ಯವಲ್ಲ. ಎಡಗೈ ಬೆರಳುಗಳಿಗೆ ದಾರವನ್ನು ಬಳೆಯಂತೆ ಸುತ್ತಿಕೊಳ್ಳಬೇಕು. ಬಲಗೈಯಲ್ಲಿ ಷಟಲ್, ಅಂದರೆ ದೋಣಿಯ ಆಕಾರದ ಪುಟ್ಟ ಲಾಳಿ. ಅದರ ಹೊಟ್ಟೆಯಲ್ಲಿ ದಾರ ಸುತ್ತಿರುತ್ತದೆ. ಅದನ್ನು ಬಳೆಯ ದಾರದ ಕೆಳಗಿಂದ ಒಮ್ಮೆ, ಮೇಲಿಂದ ಒಮ್ಮೆ ಹಾಯಿಸಿದರೆ ಒಂದು ಜೋಡಿ ಗಂಟು. ಆದರೆ ಗುಟ್ಟಿರುವುದು ಹಾಯಿಸುವುದರಲ್ಲಿ ಅಲ್ಲ. ಲಾಳಿಯ ದಾರವನ್ನು ಬಿಗಿ ಹಿಡಿದು ಬಳೆಯ ದಾರವನ್ನು ಸಡಿಲ ಬಿಟ್ಟಾಗ ಗಂಟು ಟಕ್ಕನೆ ಮಗುಚಿಕೊಳ್ಳುತ್ತದೆ. ಲಾಳಿಯ ದಾರ ಹಾಕಿದ ಗಂಟು ಬಳೆಯ ದಾರದ ಗಂಟಾಗಿಬಿಡುತ್ತದೆ. ಆಗ ಲಾಳಿಯ ದಾರ ಎಲ್ಲ ಗಂಟುಗಳ ನಡುವೆ ನೇರವಾಗಿ ಓಡುತ್ತದೆ. ಅದನ್ನು ಎಳೆದರೆ ಗಂಟುಗಳೆಲ್ಲ ಒತ್ತಿಕೊಂಡು ಉಂಗುರವಾಗುತ್ತವೆ. ಮಗುಚದಿದ್ದರೆ ಗಂಟು ಅಲ್ಲೇ ಕಚ್ಚಿಕೊಂಡು ಉಂಗುರ ಮುಚ್ಚುವುದೇ ಇಲ್ಲ. ಈ ಮಗುಚುವುದನ್ನು ಕಲಿಸಲು ದಾದಿಮಾ ನನಗೆ ಎರಡು ಬಣ್ಣದ ದಾರ ಕೊಟ್ಟಿದ್ದರು, ಯಾವ ದಾರ ಯಾವುದನ್ನು ಸುತ್ತಿದೆ ಎಂದು ಕಣ್ಣಿಗೆ ಕಾಣಲಿ ಅಂತ. ಹದಿನೈದು ದಿನ ಬೇಕಾಯಿತು ನನಗೆ. ಅವರು ಇದನ್ನು ತಮ್ಮ ಬಾಲ್ಯದಲ್ಲಿ ನೆರೆಮನೆಯ ಕ್ರೈಸ್ತ ಟೀಚರಮ್ಮನಿಂದ ಕಲಿತಿದ್ದರಂತೆ.

ಗಂಟುಗಳ ನಡುವೆ ತುಸು ದಾರ ಬಿಟ್ಟು ಒತ್ತಿದರೆ ಅದು ಪುಟ್ಟ ಕುಣಿಕೆಯಾಗಿ ಹೊರಗೆ ನಿಲ್ಲುತ್ತದೆ. ಅದಕ್ಕೆ ಪೀಕೋ ಎನ್ನುತ್ತಾರೆ. ಸೀರೆಗೆ ಫಾಲ್ ಜೊತೆ ಹಾಕಿಸುತ್ತೀರಲ್ಲ, ಆ ಪೀಕೋ ಅಲ್ಲ, ಹೆಸರು ಮಾತ್ರ ಒಂದೇ. ಇದು ನೋಡಲು ಅಂದ, ಕೆಲಸಕ್ಕೂ ಬೇಕು. ಮುಂದಿನ ಸುತ್ತಿನ ಉಂಗುರವನ್ನು ಈ ಕುಣಿಕೆಗೇ ಕೂಡಿಸುವುದು. ಒಂದು ಕುಣಿಕೆಯನ್ನು ಮರೆತರೆ ಒಂದು ಉಂಗುರ ಕಡಿಮೆ.

ಈ ಕಸುಬಿಗೆ ಊರೂರಲ್ಲಿ ಒಂದೊಂದು ಹೆಸರು. ಜರ್ಮನರು ಪುಟ್ಟ ದೋಣಿಯ ಕೆಲಸ ಎನ್ನುತ್ತಾರೆ. ಇಟಲಿಯವರ ಹೆಸರು ಹರಟೆ ಎಂಬ ಅರ್ಥದ ಮಾತಿನಿಂದ ಬಂದದ್ದು. ತುರ್ಕಿಯಲ್ಲಿ ಲಾಳಿಗೆ ಮೆಕಿಕ್, ಅದರಿಂದಲೇ ಈ ಲೇಸಿಗೂ ಹೆಸರು. ಅರಬಿಯಲ್ಲೂ ಲಾಳಿ ಎಂದರೆ ಮಕ್ಕೂಕ್. ಮದ್ರಸಾದಲ್ಲಿ ಅರಬಿ ಓದಿದ ನನಗೆ ಈ ಮಾತು ಗೊತ್ತಾದದ್ದು ಮಾತ್ರ ಬಹಳ ತಡವಾಗಿ. ನಮ್ಮ ಪಾಠಗಳಲ್ಲಿ ಒಂಟೆ, ಕತ್ತಿ, ಖರ್ಜೂರ ಬಂದಷ್ಟು ಹೆಂಗಸರ ಕೈಯ ಸಾಮಾನುಗಳು ಬರಲಿಲ್ಲ. ಫ್ರೆಂಚರ ಹೆಸರು ನನಗೆ ಹಿಡಿಸದು. ಅವರು ಇದನ್ನು ಫ್ರಿವೊಲಿತೆ ಎನ್ನುತ್ತಾರೆ, ಅಂದರೆ ಹಗುರವಾದದ್ದು, ಹುಡುಗಾಟದ್ದು. ಇಪ್ಪತ್ತು ಜೋಡಿ ಗಂಟಿನ ಒಂದು ಉಂಗುರಕ್ಕೆ ನಲವತ್ತು ಸಲ ಲಾಳಿ ಹಾಯಬೇಕು. ಇದು ಹುಡುಗಾಟವೇ? ಹೆಂಗಸರು ಕೂತು ಮಾಡುವ ಕೆಲಸಕ್ಕೆಲ್ಲ ಇದೇ ಗತಿ. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಹೆಂಗಸರು ಮನೆಯಲ್ಲಿ ಕೂತು ಹಾಕಿದ ಕ್ರೋಷಾ ಲೇಸು ಹೊರದೇಶಗಳಿಗೆ ಹೋಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ದಿನಕ್ಕೆ ಆರೆಂಟು ಗಂಟೆ ದುಡಿದರೂ ಅವರನ್ನು ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದೇ ಎಣಿಸುತ್ತಿದ್ದರು ಎಂಬುದು ಅವರು ಕಂಡ ಸತ್ಯ. ಅಲ್ಲಿ ಕೂಲಿ ಲೆಕ್ಕ, ಏಜೆಂಟರ ಲೆಕ್ಕ. ನನ್ನ ಲೇಸಿಗೆ ಏಜೆಂಟ್ ಇಲ್ಲ. ತಪ್ಪು ಎತ್ತಿ ತೋರಿಸಲು ನಾನೊಬ್ಬಳೇ ಸಾಕಾಗಿದ್ದೆ.

ದಾದಿಮಾರ ಹಳೆಯ ಹಾಸನ್ನೇ ಮುಂದಿಟ್ಟುಕೊಂಡು ಎಣಿಸಿದೆ. ನಡುವೆ ಹನ್ನೆರಡು ಕುಣಿಕೆಯ ಒಂದು ಉಂಗುರ. ಎರಡನೇ ಸುತ್ತಿಗೆ ಹನ್ನೆರಡು ಉಂಗುರ, ಅವುಗಳ ನಡುವೆ ಕಮಾನು. ಮೂರನೇ ಸುತ್ತಿಗೆ ಕಮಾನಿಗೆ ಎರಡರಂತೆ ಇಪ್ಪತ್ನಾಲ್ಕು. ನಾಲ್ಕನೆಯದಕ್ಕೂ ಇಪ್ಪತ್ನಾಲ್ಕು. ಐದನೆಯದು ಅಂಚು: ಎರಡೆರಡನ್ನು ಸೇರಿಸಿ ಅದರ ಮೇಲೆ ಮೂರೆಲೆಯ ಒಂದು ಬೀಸಣಿಗೆ, ಒಟ್ಟು ಹನ್ನೆರಡು ಬೀಸಣಿಗೆ. ಇಪ್ಪತ್ತನೇ ನಂಬರಿನ ಬಿಳಿ ದಾರ ತಂದೆ. ಮಕ್ತಬ್, ಶಾಲೆ, ಅಡುಗೆ ಮುಗಿದ ಮೇಲೆ ಇಶಾ ನಂತರ ಒಂದು ಗಂಟೆ. ದಿನಕ್ಕೆ ಎರಡು ಉಂಗುರವಾದರೆ ಅಲ್‌ಹಮ್ದುಲಿಲ್ಲಾಹ್. ಎಷ್ಟೋ ದಿನ ಒಂದೂ ಆಗುತ್ತಿರಲಿಲ್ಲ.

ಜುಲೈನಲ್ಲಿ ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು ಎಂದು ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ರಜೆ ಹಾಕಿ ಹೋದೆ. ನನ್ನ ಮಗಳು ಮೈಸೂರಿನಲ್ಲೇ ನಾನಿಯ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳೂ ರಾತ್ರಿ ನನ್ನ ಜೊತೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಳು. ಕೈ ಸುಮ್ಮನಿರಲಾರದೆ ನಾನು ಷಟಲ್ ತೆಗೆದೆ. ಎದುರು ಬೆಂಚಿನಲ್ಲಿ ಎಚ್.ಡಿ. ಕೋಟೆ ಕಡೆಯ ಅಜ್ಜಿಯೊಬ್ಬರಿದ್ದರು, ಮಗನನ್ನು ಸೇರಿಸಿದ್ದರು. ಬಹಳ ಹೊತ್ತು ನೋಡಿ, "ಅದೇನವ್ವಾ, ಜೇಡ ಬಲೆ ಕಟ್ದಂಗೆ ಕಟ್ತಿದ್ದೀಯ?" ಎಂದರು. ನಕ್ಕೆ. ಅವರೂ ನಕ್ಕರು. ಆಮೇಲೆ ಎದ್ದು ಬಂದು ಬೆಳಕಿಗೆ ಅಡ್ಡವಾಗದಂತೆ ಪಕ್ಕದಲ್ಲಿ ಕೂತು ತಮ್ಮ ಮಗನ ಕಥೆ ಹೇಳಿದರು. ಮರುದಿನ ಅಮ್ಮನಿಗೆ ಆಪರೇಷನ್ ಆಯಿತು, ಅಲ್ಲಾಹನ ದಯೆಯಿಂದ ತೊಂದರೆಯಾಗಲಿಲ್ಲ. ಅಜ್ಜಿಯ ಮಗನನ್ನು ಬೇರೆ ವಾರ್ಡಿಗೆ ಕರೆದೊಯ್ದರು. ಮತ್ತೆ ಅವರನ್ನು ಕಾಣಲಿಲ್ಲ.

ದಾರ ಅಲ್ಲೇ ಮುಗಿಯಿತು. ಅಶೋಕ ರಸ್ತೆಯ ಅಂಗಡಿಯಿಂದ ಅದೇ ನಂಬರಿನ ಹೊಸ ಉಂಡೆ ತಂದೆ. ಮನೆಗೆ ಬಂದು ಹಗಲಿನಲ್ಲಿ ನೋಡಿದರೆ ಹಳೆಯದು ಕೆನೆಯ ಬಿಳಿ, ಹೊಸದು ಸುಣ್ಣದ ಬಿಳಿ. ಒಮ್ಮೆ ತೊಳೆದರೆ ಒಂದಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಡಿಸೆಂಬರ್ ಮೊದಲ ವಾರ ಕೊನೆಯ ಸುತ್ತಿನ ಕೊನೆಗೆ ಬಂದೆ. ಅದು ಭಾನುವಾರ. ಊರಿನ ಸುತ್ತ ಭತ್ತದ ಕಟಾವು, ಯಂತ್ರಗಳ ಸದ್ದು. ಮಗಳು ಶನಿವಾರವೇ ಊರಿಗೆ ಬಂದಿದ್ದಳು. ಹನ್ನೊಂದನೇ ಬೀಸಣಿಗೆ ಮುಗಿಸಿ ಹನ್ನೆರಡನೆಯದಕ್ಕೆ ಎರಡು ಕಮಾನು ಹುಡುಕಿದರೆ ಇದ್ದದ್ದು ಒಂದೇ. ಎಣಿಸಿದೆ. ಇಪ್ಪತ್ತಮೂರು. ಮತ್ತೆ ಎಣಿಸಿದೆ. ಮನೆಯವರ ಕೈಲಿ ಎಣಿಸಿದೆ. ಅವರು ಅಕ್ಕಿ ಗಿರಣಿಯಲ್ಲಿ ಮೂಟೆ ಎಣಿಸಿ ಲೆಕ್ಕ ಬರೆಯುವವರು, ಅವರ ಎಣಿಕೆ ತಪ್ಪುವುದಿಲ್ಲ. ಇಪ್ಪತ್ತಮೂರೇ!

ಕೆಳಗಿನ ಸುತ್ತಿಗೆ ಹೋಗಿ ಹುಡುಕಿದೆ. ಮೂರನೇ ಸುತ್ತಿನಲ್ಲಿ ಒಂದು ಕುಣಿಕೆ ಯಾವ ಉಂಗುರಕ್ಕೂ ಸೇರದೆ ಸುಮ್ಮನೆ ನಿಂತಿತ್ತು. ನಾಲ್ಕನೇ ಸುತ್ತು ಅದೇ ಲೆಕ್ಕವನ್ನು ಹೊತ್ತುಕೊಂಡು ಬಂದಿತ್ತು. ಐದನೆಯದರಲ್ಲಿ ಜೋಡಿ ಬೇಕಾದಾಗ ಮಾತ್ರ ಬಯಲಾಯಿತು. ಇಷ್ಟು ದಿನ ಹಾಸು ಆ ಕಡೆ ತುಸು ಬಿಗಿದು ಬಟ್ಟಲಿನಂತೆ ಮೇಲೇಳುತ್ತಿದ್ದುದು ಏಕೆಂದು ಈಗ ಗೊತ್ತಾಯಿತು. ಗಂಜಿ ಹಾಕಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆನಲ್ಲ!

ಕ್ರೋಷಾ ಆಗಿದ್ದರೆ ದಾರದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿ ತಪ್ಪಿನ ತನಕ ಹೋಗಬಹುದಿತ್ತು. ಅದು ಬರೀ ಕುಣಿಕೆಗಳ ಕೆಲಸ. ಇದು ಗಂಟುಗಳ ಕೆಲಸ. ಒಮ್ಮೆ ಎಳೆದು ಮುಚ್ಚಿದ ಉಂಗುರವನ್ನು ಸೂಜಿಯಿಂದ ಮೀಟಿ ಒಂದೆರಡು ಬಿಡಿಸಬಹುದೇನೋ. ಸುತ್ತುಗಟ್ಟಲೆ ಬಿಡಿಸಲಾಗುವುದಿಲ್ಲ. ಕತ್ತರಿಸಬೇಕು. ಐದರಲ್ಲಿ ಸುಮಾರು ಮೂರು ಸುತ್ತು ಹೋಗುತ್ತದೆ, ಜೂನ್‌ನಿಂದ ಡಿಸೆಂಬರ್ ತನಕದ ರಾತ್ರಿಗಳು.

ನನ್ನ ಮುಖ ನೋಡಿ ಮನೆಯವರು ಸಮಾಧಾನಕ್ಕೆಂದು, "ಪರ್ಶಿಯಾದ ರತ್ನಗಂಬಳಿಯವರು ಬೇಕಂತಲೇ ಒಂದು ತಪ್ಪು ಬಿಡ್ತಾರಂತೆ. ಕುಂದಿಲ್ಲದ್ದು ಅಲ್ಲಾಹನ ಸೃಷ್ಟಿ ಮಾತ್ರ ಅಂತ" ಎಂದರು. ಈ ಕಥೆಯನ್ನು ನೀವೂ ಕೇಳಿರುತ್ತೀರಿ. ನನಗೆ ಅದು ಎಂದೂ ರುಚಿಸಿಲ್ಲ. ಬೇಕೆಂದು ಬಿಟ್ಟರೆ ಅದು ತಪ್ಪು ಹೇಗಾದೀತು? ಬಿಡದಿದ್ದರೆ ನನ್ನದು ಕುಂದಿಲ್ಲದ್ದಾಗಿಬಿಡುತ್ತಿತ್ತು ಎಂಬ ಜಂಬ ಅದರೊಳಗೆ ಅಡಗಿದೆ. ನಮ್ಮಂಥವರು ತಪ್ಪನ್ನು ಬಿಡಬೇಕಾಗಿಲ್ಲ, ಅದು ತಾನಾಗಿಯೇ ಬರುತ್ತದೆ.

ಸೂರಃ ಅನ್ನಹ್ಲ್‌ನಲ್ಲಿ ಗಟ್ಟಿಯಾಗಿ ನೂತ ನೂಲನ್ನು ತಾನೇ ಎಳೆ ಎಳೆಯಾಗಿ ಬಿಡಿಸಿ ಹಾಕಿದ ಹೆಂಗಸಿನ ಉಪಮೆ ಬರುತ್ತದೆ. ಅದು ಕೊಟ್ಟ ಮಾತನ್ನು ಮುರಿಯುವವರ ಕುರಿತಾದದ್ದು. ನನ್ನ ಲೇಸಿಗೆ ಅದನ್ನು ಎಳೆದು ತರುವುದು ಸರಿಯಲ್ಲವೆಂದು ಬಲ್ಲೆ, ಮಕ್ಕಳಿಗೂ ಹಾಗೆ ಮಾಡಬೇಡಿರೆಂದೇ ಹೇಳುತ್ತೇನೆ. ಆದರೂ ಆ ಸಂಜೆ ಹಾಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಆ ಹೆಂಗಸಿನ ಕೈಗಳೇ ಕಣ್ಣಮುಂದೆ ಬಂದವು. ಅವಳಿಗೆ ಬಿಚ್ಚುವಾಗ ಏನನ್ನಿಸಿರಬಹುದು?

ಆಗ ಮಗಳು ಬಾಗಿಲಲ್ಲಿ ನಿಂತು ಕೇಳಿದಳು: "ಕತ್ತರಿ ತಂದುಕೊಡಲಾ, ಅಮ್ಮಿ?"

ವ್ಯಂಗ್ಯವಿರಲಿಲ್ಲ. ಸಹಾಯ ಮಾಡಲೆಂದೇ ಕೇಳಿದ್ದು. ತಪ್ಪು ಕಂಡರೆ ಅಮ್ಮಿ ಕತ್ತರಿ ಕೇಳುತ್ತಾಳೆ ಎಂಬುದು ಅವಳಿಗೆ ಗೊತ್ತಿರುವ ಸಂಗತಿ.

2014ರಲ್ಲಿ ಅವಳಿಗೆ ಒಂಬತ್ತು ವರ್ಷ. ಯಾರೂ ಹೇಳಿಕೊಡದೆ, ನನ್ನ ಡಬ್ಬಿಯಿಂದ ನೀಲಿ ದಾರ ಕದ್ದು, ತನ್ನ ಅಬ್ಬಾನಿಗೆಂದು ಒಂದು ಬಿಳಿ ಕರ್ಚೀಫಿನ ಮೂಲೆಯಲ್ಲಿ ಚೈನ್ ಸ್ಟಿಚ್ ಹಾಕಿದ್ದಳು. ಮೂರು ದಿನ ದಿಂಬಿನ ಕೆಳಗೆ ಬಚ್ಚಿಟ್ಟು ಮಾಡಿದ್ದು. ಮೊದಲು ನನಗೆ ತೋರಿಸಿದಳು. 'ಅಬಾ' ಎಂದಿತ್ತು. ಒತ್ತಕ್ಷರ ಬಿಟ್ಟಿದ್ದಳು. ನಾನು ಹೊಲಿಗೆಯನ್ನು ನೋಡಲಿಲ್ಲ, ಕಾಗುಣಿತ ನೋಡಿದೆ. "ಟೀಚರ ಮಗಳು ಹೀಗೆ ಬರೆದರೆ ಜನ ನಗ್ತಾರೆ. ಬಿಚ್ಚಿಕೊಡ್ತೀನಿ, ಮತ್ತೆ ಸರಿಯಾಗಿ ಹಾಕು" ಎಂದು ಕತ್ತರಿ ತರಿಸಿದೆ. ಅವಳೇ ತಂದುಕೊಟ್ಟಳು. 'ಬಾ' ಅಕ್ಷರದ ಒಂದೊಂದೇ ಹೊಲಿಗೆಯನ್ನು ನಾಜೂಕಾಗಿ ಕತ್ತರಿಸಿದೆ, ಬಟ್ಟೆಗೆ ತಾಗದಂತೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದೇ ನನ್ನ ನಂಬಿಕೆ. ಅವಳು ಅಳಲಿಲ್ಲ. ಕರ್ಚೀಫು ತೆಗೆದುಕೊಂಡು ಹೋದಳು. ಮತ್ತೆ ಹಾಕಲಿಲ್ಲ. ಆಮೇಲೆ ಸೂಜಿಯನ್ನೇ ಹಿಡಿಯಲಿಲ್ಲ. ಗುಂಡಿ ಕಿತ್ತರೂ ನನ್ನ ಬಳಿ ತರದೆ ಪಿನ್ನು ಹಾಕಿಕೊಂಡು ಹೋಗುವ ಹುಡುಗಿಯಾದಳು. ಅವಳ ಚಿತ್ರ, ಅವಳ ಪ್ರಬಂಧ ಯಾವುದೂ ನನ್ನ ಕಣ್ಣಿಗೆ ಬೀಳುವುದು ಬಹುಮಾನ ಬಂದ ಮೇಲೆಯೇ. ಕರ್ಚೀಫಿನ ವಿಷಯ ಅವಳ ಅಬ್ಬಾನಿಗೆ ಇಂದಿಗೂ ತಿಳಿಯದು.

"ಬೇಡ" ಎಂದೆ. "ಕೂತ್ಕೋ. ಇದು ಎಲ್ಲಿ ತಪ್ಪಿತು ನೋಡೋಣ."

ಹತ್ತಿರ ಬಂದು ಕೂತಳು. ಅವಳ ಕಣ್ಣು ನನ್ನದಕ್ಕಿಂತ ಚುರುಕು. ಒಂಟಿ ನಿಂತ ಆ ಕುಣಿಕೆಯಿಂದ ಮುಂದೆ ಎರಡೇ ಉಂಗುರಕ್ಕೆ ದಾರದ ಬಣ್ಣ ಬದಲಾಗಿರುವುದನ್ನು ಅವಳೇ ತೋರಿಸಿದಳು. ಕೆನೆಯ ಬಿಳಿ ಮುಗಿದು ಸುಣ್ಣದ ಬಿಳಿ. ಹಾಗಾದರೆ ಅದು ಆಸ್ಪತ್ರೆಯ ರಾತ್ರಿ. ಸುತ್ತಲಿನ ಗಂಟುಗಳನ್ನು ನೋಡಿದರೆ ಬೆಂಚಿನ ಮೇಲೆ ಕೂತದ್ದೆಲ್ಲ ನೆನಪಾಗುವಂತಿತ್ತು. ಹೆದರಿಕೆಯಲ್ಲಿ ಒತ್ತಿದ ಗಂಟುಗಳು ಕಲ್ಲಿನಂತಿದ್ದವು. ಮನೆಯಲ್ಲಿ ಹಾಕಿದವು ಮೆತ್ತಗಿದ್ದವು.

"ಆವತ್ತು ರಾತ್ರಿ ನಾನು ನಿಮ್ಮ ಭುಜದ ಮೇಲೆ ಮಲಗಿಬಿಟ್ಟಿದ್ದೆ, ಎಡಗಡೆ" ಎಂದಳು.

ಹೌದು, ನಡುರಾತ್ರಿ ದಾಟಿದ ಮೇಲೆ ಅವಳ ತಲೆ ನನ್ನ ಎಡ ಭುಜಕ್ಕೆ ಬಿತ್ತು. ಹಾಗೆ ಒರಗಿ ಎಷ್ಟು ವರ್ಷವಾಗಿತ್ತೋ. ಏಳಿಸಬಾರದೆಂದು ಎಡಗೈಯನ್ನು ಅಲುಗಿಸದೆ, ಬೆರಳ ತುದಿಯಲ್ಲೇ ದಾರ ಸಡಿಲಿಸುತ್ತಾ ಹಾಕಿದ ಉಂಗುರಗಳು ಅವು. ಮಂದ ಬೆಳಕಿನಲ್ಲಿ ಒಂದು ಕುಣಿಕೆ ಕಣ್ತಪ್ಪಿದ್ದರೆ ಆಶ್ಚರ್ಯವಿಲ್ಲ.

ಆ ರಾತ್ರಿಯೇ ಮುಗಿಸಿದೆ. ಉಳಿದಿದ್ದ ಒಂದೇ ಕಮಾನಿನ ಮೇಲೆ ಮೂರೆಲೆ ಹಿಡಿಸುವಂತಿರಲಿಲ್ಲ. ಬಲವಂತವಾಗಿ ತುರುಕಿದರೆ ಅಂಚು ಅಲೆಯೇಳುತ್ತದೆ. ಒಂದೇ ಎಲೆ ಹಾಕಿದೆ, ಇಪ್ಪತ್ತು ಗಂಟಿನದು, ನಡುವೆ ಮೂರು ಕುಣಿಕೆ. ಅಕ್ಕಪಕ್ಕದ ಬೀಸಣಿಗೆಗಳಿಗೆ ಅದನ್ನು ಕೂಡಿಸಿ, ದಾರದ ತುದಿಗಳನ್ನು ಸೂಜಿಯಿಂದ ಗಂಟುಗಳ ಒಳಗೆ ತೂರಿಸಿ ಮುಚ್ಚಿದೆ. ನಾನು ಎಷ್ಟೇ ತೂರಿಸಿದರೂ ಗೊತ್ತಿದ್ದವರಿಗೆ ಕಾಣುತ್ತದೆ. ಹನ್ನೊಂದು ಬೀಸಣಿಗೆ, ಒಂದು ಒಂಟಿ ಎಲೆ. ಇಪ್ಪತ್ತು ವರ್ಷದ ಹಿಂದಾದರೆ ಇಂಥದ್ದನ್ನು ಟಿ.ವಿ.ಯ ಮೇಲೆ ಹಾಸಿ, ತಪ್ಪಿನ ಭಾಗವನ್ನು ಹಿಂದಕ್ಕೆ ತಿರುಗಿಸಿಬಿಡಬಹುದಿತ್ತು. ಈಗಿನ ಟಿ.ವಿ.ಗಳ ಮೇಲೆ ಒಂದು ಬಾಚಣಿಗೆ ಇಡಲೂ ಜಾಗವಿಲ್ಲ.

ತಣ್ಣೀರಿಗೆ ಸ್ವಲ್ಪ ಸೋಪು ಹಾಕಿ ಹಿಂಡದೆ ಅದ್ದಿ ತೆಗೆದೆ. ತೆಳ್ಳಗಿನ ಅನ್ನದ ಗಂಜಿ ಸೋಸಿ ಅದರಲ್ಲಿ ನೆನೆಸಿದೆ. ಇನ್ನು ಹಸಿಯಿದ್ದಾಗಲೇ ದಿಂಬಿನ ಮೇಲೆ ಟವೆಲ್ ಸುತ್ತಿ, ಒಂದೊಂದು ಕುಣಿಕೆಯನ್ನೂ ಪಿನ್ನಿನಿಂದ ಎಳೆದು ನಿಲ್ಲಿಸಬೇಕು. ಹಾಗೆ ಒಣಗಿದರೆ ಮಾತ್ರ ಲೇಸು ಲೇಸಿನಂತೆ ಕಾಣುವುದು. ನನ್ನ ಡಬ್ಬಿಯಲ್ಲಿ ಹತ್ತು ಪಿನ್ನೂ ಇರಲಿಲ್ಲ. ಮಗಳು ಒಳಗೆ ಹೋಗಿ ತನ್ನ ಹಿಜಾಬ್ ಪಿನ್ನಿನ ಡಬ್ಬಿ ತಂದಳು. ಮುತ್ತಿನ ತಲೆಯ ಪಿನ್ನುಗಳು, ಬಿಳಿ, ಗುಲಾಬಿ, ಹಸಿರು. ನಾನು ಎಳೆದು ಹಿಡಿದೆ, ಅವಳು ಚುಚ್ಚುತ್ತಾ ಬಂದಳು. ಒಂಟಿ ಎಲೆಯ ಹತ್ತಿರ ಬಂದಾಗ ಅದರ ಮೂರು ಕುಣಿಕೆಗಳನ್ನು ಬೆರಳಿನಿಂದ ಬಿಡಿಸಿ, ಆಗುವಷ್ಟು ಅಗಲ ಮಾಡಿ, ಮೂರಕ್ಕೂ ಹಸಿರು ಪಿನ್ನು ಹಾಕಿದಳು.

"ಆ ಕರ್ಚೀಫು ನಾನು ಬಿಚ್ಚಬಾರದಿತ್ತು" ಎಂದೆ.

ಅವಳು ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನೀಲಿ ದಾರದ್ದು" ಎಂದಳು. ಮತ್ತೂ ಸ್ವಲ್ಪ ಹೊತ್ತಿನ ಮೇಲೆ, "ನಾನಿ ಮನೇಲಿದೆ. ಪುಸ್ತಕದ ಪೆಟ್ಟಿಗೇಲಿ. 'ಅ' ಹಾಗೇ ಇದೆ."

ಅದನ್ನು ಅಬ್ಬಾನಿಗೆ ಕೊಡು ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಕೊಡುವುದು ಬಿಡುವುದು ಅವಳಿಗೆ ಸೇರಿದ್ದು.

ಸೋಮವಾರ ಬೆಳಿಗ್ಗೆ ಫಜ್ರ್ ಆದ ಮೇಲೆ ಅವಳೇ ಪಿನ್ನು ಕಿತ್ತು, ಹಾಸನ್ನು ದಿನಪತ್ರಿಕೆಯ ನಡುವೆ ಇಟ್ಟು, ನಾನಿಗೆ ತಲುಪಿಸಲು ಬ್ಯಾಗಿಗೆ ಸೇರಿಸಿಕೊಂಡಳು. ಬಿಳಿಗಳೆರಡೂ ಒಂದಾಗಿರಲಿಲ್ಲ. ಕೆನೆ ಕೆನೆಯಾಗಿಯ��, ಸುಣ್ಣ ಸುಣ್ಣವಾಗಿಯೇ ಇತ್ತು. ಮೊದಲ ಬಸ್ಸಿಗೆ ಅವಳನ್ನು ಹತ್ತಿಸಿ ನಾನು ಮಕ್ತಬ್‌ಗೆ ಹೋದೆ. ಕಾಲು ಗಂಟೆಯೂ ಆಗಿರಲಿಲ್ಲ, ಫೋನ್ ಬಂತು.

"ಅಮ್ಮಿ, ಎರಡು ಪಿನ್ನು ಕಡಿಮೆ ಇವೆ, ಹಸಿರು. ದಿಂಬಿನಲ್ಲೇ ಉಳಿದಿರಬೇಕು. ಅಬ್ಬಾ ರಾತ್ರಿ ತಲೆಯಿಡೋ ಮೊದಲು ನೋಡಿ" ಎಂದಳು.